ಪರದೆ ಕಪ್ಪಾಯಿತು, ಈಗೇನು ಮಾಡೋಣ?

ನಮ್ಮ ಸಂಘದಲ್ಲಿ ಹದಿನಾಲ್ಕು ಜನ ಇದ್ದೇವೆ. ನಾವೆಲ್ಲ ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಈಗ ಹಾಲಿನ ಲೆಕ್ಕ ಬರೆಯುತ್ತೇವೆ. ಬಸ್ಸಿನ ಬೋರ್ಡು ಓದುತ್ತೇವೆ. ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟಿದ್ದೇವೆ. ಸಹಿ ಹಾಕುತ್ತೇವೆ.

ನಮ್ಮಲ್ಲಿ ಮೂಲೆಮನೆ ಅಕ್ಕ ಒಬ್ಬಳು. ಅವಳ ಮಗಳು ಪಿಯುಸಿ ಓದುತ್ತಾಳೆ. ಅಕ್ಕ ಸಂಘದಿಂದ ಸಾಲ ತೆಗೆದಳು. ಮಗಳಿಗೆ ಒಂದು ಹಳೆಯ ಕಂಪ್ಯೂಟರ್ ಕೊಡಿಸಿದಳು. ಮಗಳು ಅದರಲ್ಲಿ ಪಾಠ ಬರೆಯುತ್ತಾಳೆ. ನಮ್ಮ ಸಂಘದ ಲೆಕ್ಕವನ್ನೂ ಅದರಲ್ಲೇ ಇಟ್ಟಿದ್ದಾಳೆ.

ಆಯುಧ ಪೂಜೆ ಬಂತು. ಅಕ್ಕ ಮನೆಯೆಲ್ಲ ಗುಡಿಸಿದಳು. ಕಂಪ್ಯೂಟರಿನ ಮೇಜನ್ನು ಮುಂದಕ್ಕೆ ಎಳೆದಳು. ಹಿಂದಿದ್ದ ಜೇಡರ ಬಲೆ ತೆಗೆದಳು. ಮೇಜನ್ನು ಮತ್ತೆ ಗೋಡೆಗೆ ಒತ್ತಿದಳು. ಕುಡುಗೋಲು, ಸೈಕಲ್ಲು, ಕಂಪ್ಯೂಟರು ಎಲ್ಲಕ್ಕೂ ಕುಂಕುಮ ಇಟ್ಟಳು. ಚೆಂಡು ಹೂವು ಮುಡಿಸಿದಳು.

ಮಾರನೇ ದಿನ ಸಂಜೆ ಮಗಳು ಕಂಪ್ಯೂಟರ್ ಮುಂದೆ ಕೂತಳು. ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕಿತ್ತು. ನಾಳೆಯೇ ಕೊನೆಯ ದಿನ. ಅಂಕಪಟ್ಟಿ, ಜಾತಿ ಪತ್ರ, ಆದಾಯ ಪತ್ರ ಎಲ್ಲದರ ನಕಲು ಆ ಕಂಪ್ಯೂಟರಿನಲ್ಲೇ ಇತ್ತು. ಗುಂಡಿ ಒತ್ತಿದಳು. ಒಳಗೆ ಫ್ಯಾನು ಗುಂಯ್ ಎಂದಿತು. ಆದರೆ ಪರದೆ ಮೇಲೆ ಏನೂ ಇಲ್ಲ. ಏನೋ ಎರಡು ಪದ ಮಿನುಗಿತು. ಆಮೇಲೆ ಬರೀ ಕಪ್ಪು.

"ಅಮ್ಮಾ, ಕಂಪ್ಯೂಟ್ರು ಕೆಟ್ಟೋಯ್ತು!"

ಅಕ್ಕನ ಅತ್ತೆ ಹೇಳಿದರು: "ಪೂಜೇಲಿ ಏನೋ ಲೋಪ ಆಗಿರ್ಬೇಕು."

ಭಾವ ಸಿಟ್ಟಾದರು: "ನಿನಗ್ಯಾರು ಅದನ್ನ ಮುಟ್ಟು ಅಂದೋರು? ನೆಟ್ಟಗಿದ್ದದ್ದನ್ನ ಕೆಡಿಸಿಟ್ಟೆ."

ಅಕ್ಕ ಏನೂ ಮಾತಾಡಲಿಲ್ಲ. ಅವಳಿಗೆ ಹೋದ ವರ್ಷದ ನೆನಪಾಯಿತು. ಆಗಲೂ ಪರದೆ ಹೀಗೇ ಕಪ್ಪಾಗಿತ್ತು. ಆಟೋ ಮಾಡಿಕೊಂಡು ಪೇಟೆಗೆ ಹೊತ್ತುಕೊಂಡು ಹೋಗಿದ್ದರು. ಆಟೋಗೆ 300 ರೂಪಾಯಿ. ಅಂಗಡಿಗೆ 500 ರೂಪಾಯಿ. ಅರ್ಧ ಗಂಟೆಯಲ್ಲಿ ವಾಪಸ್ಸು ಕೊಟ್ಟರು. ಏನಾಗಿತ್ತು ಅಂತ ಅವರು ಹೇಳಲಿಲ್ಲ. ಇವರೂ ಕೇಳಲಿಲ್ಲ.

ಅವತ್ತು ನಮ್ಮ ಸಂಘದ ಸಭೆ. ಅಕ್ಕ ಕಣ್ಣು ಒರೆಸಿಕೊಂಡು ಬಂದಳು. ವಿಷಯ ತಿಳಿದು ನಾವೆಲ್ಲ ಅವಳ ಮನೆಗೆ ಹೋದೆವು. ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗಿಗೆ ಫೋನು ಮಾಡಿದೆವು. ಅವಳು ಮೊದಲು ಒಂದೇ ಪ್ರಶ್ನೆ ಕೇಳಿದಳು:

"ಮೊನ್ನೆ ಚೆನ್ನಾಗಿತ್ತು ಅಂತೀರಿ. ಮೊನ್ನೆಯಿಂದ ಇವತ್ತಿನ ತನಕ ಏನು ಬದಲಾಯ್ತು?"

ಎಲ್ಲರೂ ಸುಮ್ಮನಾದರು. ಅಕ್ಕ ಮೆಲ್ಲಗೆ ಹೇಳಿದಳು: "ನಾನೇ ಮೇಜು ಎಳೆದೆ ಕಣಮ್ಮ. ಹಿಂದೆ ಕಸ ಇತ್ತು. ಆಮೇಲೆ ಗೋಡೆಗೆ ಒತ್ತಿಟ್ಟೆ."

"ಒಳ್ಳೇದಾಯ್ತು ಬಿಡಿ ಅಕ್ಕ. ಹಾಗಾದ್ರೆ ಎಲ್ಲಿ ನೋಡಬೇಕು ಅಂತ ಗೊತ್ತಾಯ್ತು."

ಅಕ್ಕ ತಲೆ ಎತ್ತಿದಳು. ಬೈಗುಳ ತಂದ ಮಾತೇ ಈಗ ದಾರಿ ತೋರಿಸಿತ್ತು.

ಅವತ್ತು ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ಬನ್ನಿ, ಒಟ್ಟಿಗೆ ಓದೋಣ.

ಎರಡು ಪೆಟ್ಟಿಗೆ, ಎರಡು ಕೆಲಸ

ಮೇಜಿನ ಮೇಲಿಡುವ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಎರಡು ಮುಖ್ಯ ಭಾಗ ಇರುತ್ತವೆ.

ಒಂದು ಮಾನಿಟರ್. ಇದು ಟಿ.ವಿ.ಯ ಹಾಗೆ ಕಾಣುತ್ತದೆ. ಇದರ ಕೆಲಸ ತೋರಿಸುವುದು ಮಾತ್ರ.

ಇನ್ನೊಂದು ಸಿಪಿಯು ಡಬ್ಬ. ಲೆಕ್ಕ ಮಾಡುವುದು, ನೆನಪಿಡುವುದು ಎಲ್ಲ ಇದರ ಕೆಲಸ. ನಾವು ಉಳಿಸಿದ ಕಾಗದ, ಚಿತ್ರ, ಲೆಕ್ಕ ಇದರೊಳಗೆ ಇರುತ್ತವೆ.

ಎರಡಕ್ಕೂ ಬೇರೆ ಬೇರೆ ಕರೆಂಟಿನ ವೈರು ಇರುತ್ತದೆ. ಎರಡರ ನಡುವೆ ಇನ್ನೊಂದು ಕೇಬಲ್ ಇರುತ್ತದೆ. ಚಿತ್ರ ಅದರ ಮೂಲಕ ಸಿಪಿಯುನಿಂದ ಮಾನಿಟರಿಗೆ ಹೋಗುತ್ತದೆ. ಇದನ್ನು ನಾವು ಚಿತ್ರದ ಕೇಬಲ್ ಎಂದು ಕರೆಯೋಣ.

ಹಾಗಾದರೆ ಪರದೆ ಕಪ್ಪಾದರೆ ಕಂಪ್ಯೂಟರ್ ಪೂರ್ತಿ ಕೆಟ್ಟಿತು ಎಂದು ಅರ್ಥವೇ? ಅಲ್ಲ. ಉಳಿಸಿದ ಕಾಗದಗಳು ಅಳಿಸಿಹೋದವು ಎಂದೇ? ಅದೂ ಅಲ್ಲ. ಮನೆಯ ಕಿಟಕಿ ಮುಚ್ಚಿದರೆ ಒಳಗಿನ ಸಾಮಾನು ಕಾಣುವುದಿಲ್ಲ. ಸಾಮಾನು ಹೋಗಿರುವುದಿಲ್ಲ, ಅಲ್ಲವೇ?

ಮೊದಲು ಎಚ್ಚರಿಕೆ

ಮನೆಯ ಕರೆಂಟು 230 ವೋಲ್ಟ್. ಅದರ ಜೊತೆ ಆಟ ಬೇಡ.

ಒದ್ದೆ ಕೈಯಲ್ಲಿ ಪ್ಲಗ್ಗು, ವೈರು ಮುಟ್ಟಬೇಡಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ.

ಸುಟ್ಟ ವಾಸನೆ, ಹೊಗೆ, ಕಿಡಿ ಕಂಡರೆ ಗೋಡೆಯ ಸ್ವಿಚ್ಚು ಆರಿಸಿ. ಮತ್ತೆ ಹಾಕಬೇಡಿ. ತಿಳಿದವರನ್ನು ಕರೆಯಿರಿ.

ಮಾನಿಟರನ್ನು ಎಂದೂ ಬಿಚ್ಚಬೇಡಿ. ಕೆಲವು ಮನೆಗಳಲ್ಲಿ ಬೆನ್ನು ಉಬ್ಬಿದ ಹಳೆಯ ದಪ್ಪ ಮಾನಿಟರ್ ಇನ್ನೂ ಇದೆ. ಅದರೊಳಗೆ ಸಾವಿರಾರು ವೋಲ್ಟ್ ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಉಳಿದಿರಬಹುದು.

ಹಬ್ಬಕ್ಕೆ ಒರೆಸುವಾಗ ಒಣ ಬಟ್ಟೆ ಸಾಕು. ಡಬ್ಬದ ಸಂದಿಗೆ ನೀರು, ಕುಂಕುಮ, ಹೂವಿನ ಎಸಳು ಬೀಳದ ಹಾಗೆ ನೋಡಿಕೊಳ್ಳಿ.

ಹೊರಗಿನಿಂದ ಒಳಕ್ಕೆ ನೋಡೋಣ

ಮನೆಯಲ್ಲಿ ದೀಪ ಹತ್ತದಿದ್ದರೆ ನಾವು ಗೋಡೆ ಒಡೆಯುವುದಿಲ್ಲ. ಮೊದಲು ಸ್ವಿಚ್ಚು ನೋಡುತ್ತೇವೆ. ಆಮೇಲೆ ಬಲ್ಬು ನೋಡುತ್ತೇವೆ. ಕಂಪ್ಯೂಟರಿಗೂ ಹಾಗೇ. ಸುಲಭದ್ದು ಮೊದಲು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ ಮೇಲೆ ಪರದೆ ನೋಡಬೇಕು. ಆಮೇಲೆ ಮುಂದಿನದು.

ಹೆಜ್ಜೆ 1: ಮಾನಿಟರಿನ ದೀಪ ನೋಡಿ.

ಮಾನಿಟರಿನ ಕೆಳಗೆ ಒಂದು ಚಿಕ್ಕ ದೀಪ ಇರುತ್ತದೆ. ಅದು ಉರಿಯುತ್ತಿದೆಯೇ? ಇಲ್ಲವಾದರೆ ಮಾನಿಟರಿಗೆ ಕರೆಂಟು ಹೋಗಿಲ್ಲ. ಮಾನಿಟರಿನ ಗುಂಡಿ ಒತ್ತಿ ನೋಡಿ. ಗೋಡೆಯ ಸ್ವಿಚ್ಚು ನೋಡಿ. ಆಮೇಲೆ ಸ್ವಿಚ್ಚು ಆರಿಸಿ, ಮಾನಿಟರಿನ ಹಿಂದಿನ ಕರೆಂಟಿನ ವೈರನ್ನು ಒತ್ತಿ ಕೂರಿಸಿ. ಆದರೂ ದೀಪ ಬರಲಿಲ್ಲವೇ? ಅದೇ ಜಾಗಕ್ಕೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಮೊಬೈಲೂ ಚಾರ್ಜ್ ಆಗದಿದ್ದರೆ ತಪ್ಪು ಮಾನಿಟರಿನದಲ್ಲ. ಗೋಡೆಯ ಪ್ಲಗ್ಗಿನದು.

ಹೆಜ್ಜೆ 2: ಸಿಪಿಯು ನೋಡಿ.

ಸಿಪಿಯು ದೀಪ ಉರಿಯುತ್ತಿದೆಯೇ? ಫ್ಯಾನಿನ ಸದ್ದು ಇದೆಯೇ? ಎರಡೂ ಇಲ್ಲದಿದ್ದರೆ ಸಿಪಿಯುಗೆ ಕರೆಂಟು ಬಂದಿಲ್ಲ. ಹಿಂದಿನ ವೈರು, ಯುಪಿಎಸ್ ನೋಡಿ. ಕೆಲವು ಡಬ್ಬದ ಹಿಂದೆಯೂ ಒಂದು ಸ್ವಿಚ್ಚು ಇರುತ್ತದೆ. ಗುಡಿಸುವಾಗ ಅದು ಆರಿರಬಹುದು.

ಹೆಜ್ಜೆ 3: ಚಿತ್ರದ ಕೇಬಲ್ ನೋಡಿ.

ಎರಡರಲ್ಲೂ ದೀಪ ಇದೆ. ಆದರೂ ಪರದೆ ಕಪ್ಪು. ಆಗ ಮೊದಲ ಅನುಮಾನ ಈ ಕೇಬಲ್ಲಿನ ಮೇಲೆ. ಅದನ್ನು ಕೀಳುವ ಮೊದಲು ಕಂಪ್ಯೂಟರ್ ಆರಿಸಬೇಕು. ಪರದೆ ಕಾಣದಿರುವಾಗ ಹೇಗೆ ಆರಿಸುವುದು? ಸಿಪಿಯು ಗುಂಡಿಯನ್ನು ಒಂದು ಸಲ ಒತ್ತಿ ಬಿಡಿ. ಎರಡು ನಿಮಿಷ ಕಾಯಿರಿ. ನಿಲ್ಲದಿದ್ದರೆ ಮಾತ್ರ ಗುಂಡಿಯನ್ನು ಒತ್ತಿ ಹಿಡಿಯಿರಿ. ಹತ್ತು ಎಣಿಸುವುದರೊಳಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಆಮೇಲೆ ಗೋಡೆಯ ಸ್ವಿಚ್ಚು ಆರಿಸಿ.

ಹಳೆಯ ಕಂಪ್ಯೂಟರಿನಲ್ಲಿ ಈ ಕೇಬಲ್ಲಿನ ತುದಿ ಬಹಳ ಸಲ ನೀಲಿ ಬಣ್ಣದ್ದು. ಅದರ ಹೆಸರು ವಿಜಿಎ. ಎರಡು ಪಕ್ಕದಲ್ಲಿ ಎರಡು ತಿರುಪು ಇರುತ್ತವೆ. ಒಳಗೆ ಮೂರು ಸಾಲು. ಸಾಲಿಗೆ ಐದರಂತೆ 15 ಪಿನ್ನಿನ ಜಾಗ. ಕೆಲವು ಕೇಬಲ್ಲಿನಲ್ಲಿ ಒಂದು ಪಿನ್ನು ಮೊದಲಿನಿಂದಲೇ ಇರುವುದಿಲ್ಲ. ಅದು ದೋಷವಲ್ಲ. ಪಿನ್ನು ಬಾಗಿದ್ದರೆ ಅದು ದೋಷ.

ಈ ತುದಿಯ ಒಂದು ಪಕ್ಕ ಅಗಲ. ಇನ್ನೊಂದು ಪಕ್ಕ ಕಿರಿದು. ಆದ್ದರಿಂದ ಒಂದೇ ರೀತಿಯಲ್ಲಿ ಕೂರುತ್ತದೆ. ಬಲವಂತ ಮಾಡಿದರೆ ಪಿನ್ನು ಮುರಿಯುತ್ತದೆ. ನೇರವಾಗಿ ಒತ್ತಿ. ಎರಡು ತಿರುಪನ್ನೂ ಬೆರಳಿನಿಂದ ಬಿಗಿ ಮಾಡಿ. ಮಾನಿಟರಿನ ಕಡೆ, ಸಿಪಿಯು ಕಡೆ, ಎರಡೂ ತುದಿ ನೋಡಬೇಕು.

ಹೊಸ ಕಂಪ್ಯೂಟರಿನಲ್ಲಿ ಎಚ್‌ಡಿಎಂಐ ಎಂಬ ಚಪ್ಪಟೆ ತುದಿಯ ಕೇಬಲ್ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ ತಿರುಪು ಇರುವುದಿಲ್ಲ. ಮೇಜು ಅಲುಗಾಡಿದರೆ ಸಡಿಲವಾಗಬಹುದು.

ಹೆಜ್ಜೆ 4: ಸರಿಯಾದ ಬಾಗಿಲು ನೋಡಿ.

ಮಾನಿಟರಿಗೆ ಚಿತ್ರ ಬರಲು ಎರಡು ಮೂರು ಬಾಗಿಲು ಇರಬಹುದು. ಕೇಬಲ್ ಒಂದು ಬಾಗಿಲಲ್ಲಿ ಇರುತ್ತದೆ. ಮಾನಿಟರ್ ಇನ್ನೊಂದು ಬಾಗಿಲು ಕಾಯುತ್ತಿರುತ್ತದೆ. ಆಗಲೂ ಪರದೆ ಕಪ್ಪೇ. ಮಾನಿಟರಿನ ಗುಂಡಿಗಳಲ್ಲಿ 'ಇನ್‌ಪುಟ್' ಅಥವಾ 'ಸೋರ್ಸ್' ಎಂಬುದನ್ನು ಒತ್ತಿ ಬದಲಾಯಿಸಿ ನೋಡಿ.

ಸಿಪಿಯು ಹಿಂದೆಯೂ ಕೆಲವು ಸಲ ಎರಡು ಕಡೆ ಜಾಗ ಇರುತ್ತದೆ. ಒಂದು ಮೇಲೆ, ಒಂದು ಕೆಳಗೆ. ಕೆಳಗೆ ಬೇರೆ ಕಾರ್ಡು ಹಾಕಿಸಿದ್ದರೆ ಕೇಬಲ್ಲನ್ನು ಆ ಕಾರ್ಡಿಗೇ ಹಾಕಬೇಕು. ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಎಲ್ಲಿದ್ದದ್ದು ಎಲ್ಲಿ ಎಂದು ಮರೆಯುವುದಿಲ್ಲ.

ಹೆಜ್ಜೆ 5: ಕಿವಿಗೊಟ್ಟು ಕೇಳಿ.

ಗುಂಡಿ ಒತ್ತಿದಾಗ ಕೆಲವು ಕಂಪ್ಯೂಟರ್ ಬೀಪ್ ಎನ್ನುತ್ತದೆ. ಒಂದು ಸಣ್ಣ ಬೀಪ್ ಬಹಳ ಕಡೆ 'ಎಲ್ಲ ಸರಿ' ಎಂಬ ಗುರುತು. ಪರದೆ ಕಪ್ಪಾಗಿದ್ದು ಬೀಪ್ ಮೇಲೆ ಬೀಪ್ ಬಂದರೆ ತೊಂದರೆ ಡಬ್ಬದ ಒಳಗಿದೆ. ಎಷ್ಟು ಸಲ, ಉದ್ದವೋ ಗಿಡ್ಡವೋ, ಎಣಿಸಿ ಬರೆದುಕೊಳ್ಳಿ. ಇದರ ಅರ್ಥ ಕಂಪನಿಗೊಂದು ಥರ. ರಿಪೇರಿಯವರಿಗೆ ಈ ಲೆಕ್ಕ ಬೇಕಾಗುತ್ತದೆ. ಒಳಗಿನ ರ‍್ಯಾಮ್ ಎಂಬ ಪಟ್ಟಿ ಸಡಿಲವಾದರೂ ಹೀಗಾಗುತ್ತದೆ. ಅದನ್ನು ಕಿತ್ತು, ಒರೆಸಿ, ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಮೊದಲ ಸಲ ತಿಳಿದವರ ಪಕ್ಕದಲ್ಲಿ ಕೂತು ಕಲಿಯೋಣ.

ಅಕ್ಕನ ಮನೆಯಲ್ಲಿ ಏನಾಯಿತು?

ಅಕ್ಕ ಹೆಜ್ಜೆ ಹೆಜ್ಜೆಯಾಗಿ ನೋಡಿದಳು. ಮಾನಿಟರಿನ ದೀಪ ಉರಿಯುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಮಗಳು ಮತ್ತೊಮ್ಮೆ ಗುಂಡಿ ಒತ್ತಿದಳು. ಆ ಎರಡು ಪದ ಬಂದವು. ಮಗಳು ಓದಿದಳು: "ನೋ ಸಿಗ್ನಲ್."

"ಹಾಗಂದ್ರೆ?" ನಾವು ಕೇಳಿದೆವು.

ಹುಡುಗಿ ಫೋನಿನಲ್ಲಿ ಹೇಳಿದಳು: "ಅದನ್ನ ಬರೀತಿರೋದು ಮಾನಿಟರ್ರು. ಅಂದ್ರೆ ಅದು ಬದುಕಿದೆ. 'ನಾನು ಚೆನ್ನಾಗಿದೀನಿ, ನನಗೆ ಸುದ್ದಿ ಬಂದಿಲ್ಲ' ಅಂತಿದೆ."

ಎಲ್ಲ ಆರಿಸಿದೆವು. ಅಕ್ಕ ಮೇಜು ಎಳೆದಳು. ನಾವು ಟಾರ್ಚು ಹಿಡಿದೆವು. ಅಕ್ಕ ಸಿಪಿಯು ಹಿಂದೆ ಕೈ ಹಾಕಿದಳು. ನೀಲಿ ತುದಿ ಅರ್ಧ ಹೊರಗೆ ಬಂದಿತ್ತು. ಅದಕ್ಕೆ ಒಂದೇ ತಿರುಪು ಇತ್ತು. ಅದೂ ಸಡಿಲ. ಅಕ್ಕ ಅದನ್ನು ಹೊರಗೆ ತೆಗೆದು ಪಿನ್ನು ನೋಡಿದಳು. ಯಾವುದೂ ಬಾಗಿರಲಿಲ್ಲ. ನೇರವಾಗಿ ಒತ್ತಿ, ತಿರುಪು ಬಿಗಿ ಮಾಡಿದಳು.

ಮಗಳು ಗುಂಡಿ ಒತ್ತಿದಳು. ಪರದೆ ಬೆಳಗಿತು.

ಅಕ್ಕ ಕೇಳಿದಳು: "ಹೋದ ವರ್ಷ ಐನೂರು ರೂಪಾಯಿ ಕೊಟ್ಟದ್ದೂ ಇದಕ್ಕೇನಾ?"

ಯಾರಿಗೂ ಗೊತ್ತಿರಲಿಲ್ಲ. ಅವತ್ತು ಕೇಳಿದ್ದರೆ ಗೊತ್ತಾಗುತ್ತಿತ್ತು.

ಮಗಳು ಅವತ್ತು ರಾತ್ರಿಯೇ ಅರ್ಜಿ ಹಾಕಿದಳು. ಭಾವ ಏನೂ ಮಾತಾಡಲಿಲ್ಲ. ಮೇಜನ್ನು ಗೋಡೆಗೆ ಒತ್ತಲು ಹೋದರು. ಅಕ್ಕ ಹೇಳಿದಳು: "ಪೂರ್ತಿ ಒತ್ತಬೇಡಿ. ಹಿಂದೆ ಒಂದು ಗೇಣು ಜಾಗ ಬಿಡಿ. ವೈರು ಮಡಚ್ಕೊಳ್ಳತ್ತೆ."

ಭಾವ ಒಂದು ಗೇಣು ಅಳೆದು ಜಾಗ ಬಿಟ್ಟರು.

ಪರದೆ ಬರೆದದ್ದನ್ನು ಓದೋಣ

ಪರದೆ ಮೇಲೆ ಬರುವ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ನಮಗೆ ಇಂಗ್ಲಿಷ್ ಬಾರದಿರಬಹುದು. ಹೆದರಬೇಕಿಲ್ಲ. ಕನ್ನಡ ಅಕ್ಷರವನ್ನೂ ನಾವು ಮೊದಲು ನೋಡಿ ನೋಡಿಯೇ ಬರೆದೆವು. ಹಾಗೇ ಇದನ್ನೂ ನೋಡಿ ಬರೆದುಕೊಳ್ಳೋಣ. ಅಥವಾ ಫೋಟೋ ತೆಗೆಯೋಣ. ಓದಬಲ್ಲವರಿಗೆ ತೋರಿಸೋಣ.

'ನೋ ಸಿಗ್ನಲ್', 'ಚೆಕ್ ಕೇಬಲ್': ಮಾನಿಟರಿಗೆ ಚಿತ್ರ ಬಂದಿಲ್ಲ. ಹೆಜ್ಜೆ 2, 3, 4 ಮಾಡಿ.

'ಔಟ್ ಆಫ್ ರೇಂಜ್', 'ಇನ್‌ಪುಟ್ ನಾಟ್ ಸಪೋರ್ಟೆಡ್': ಚಿತ್ರ ಬಂದಿದೆ. ಆದರೆ ಮಾನಿಟರ್ ತಾಳುವ ಅಳತೆಗಿಂತ ಹೆಚ್ಚಾಗಿದೆ. ಸೇರಿನ ಪಾತ್ರೆಗೆ ಕೊಳಗದ ಅಕ್ಕಿ ಸುರಿದ ಹಾಗೆ. ಮಾನಿಟರ್ ಬದಲಾಯಿಸಿದಾಗ, ಅಥವಾ ಮಕ್ಕಳು ಅಳತೆ ಬದಲಾಯಿಸಿದಾಗ ಹೀಗಾಗುತ್ತದೆ. ಮೊದಲಿನ ಮಾನಿಟರ್ ಜೋಡಿಸಿ, ಅಳತೆಯನ್ನು ಕಡಿಮೆ ಮಾಡಬೇಕು. ಅದು ಇಲ್ಲದಿದ್ದರೆ ಕಂಪ್ಯೂಟರನ್ನು 'ಸೇಫ್ ಮೋಡ್' ಎಂಬ ರೀತಿಯಲ್ಲಿ ಶುರು ಮಾಡಿ ಸರಿಪಡಿಸಬಹುದು.

'ನೋ ಬೂಟಬಲ್ ಡಿವೈಸ್': ಇಲ್ಲಿ ಪರದೆ, ಕೇಬಲ್ ಎರಡೂ ಸರಿ ಇವೆ. ಅದಕ್ಕೇ ಅಕ್ಷರ ಕಾಣುತ್ತಿದೆ. ಕಂಪ್ಯೂಟರಿಗೆ ಶುರುವಾಗುವ ದಾರಿ ಸಿಕ್ಕಿಲ್ಲ. ಪೆನ್ ಡ್ರೈವ್ ಚುಚ್ಚಿಯೇ ಬಿಟ್ಟಿದ್ದೀರಾ? ತೆಗೆದು ಮತ್ತೆ ಶುರು ಮಾಡಿ. ಮತ್ತೂ ಅದೇ ಬಂದರೆ ರಿಪೇರಿಗೆ ತೋರಿಸಿ.

ನೀಲಿ ಪರದೆ, ತುಂಬಾ ಅಕ್ಷರ: ಇದೂ ಸಿಪಿಯು ಒಳಗಿನ ತೊಂದರೆ. ಕೇಬಲ್ ಕಿತ್ತು ಹಾಕಿ ಪ್ರಯೋಜನವಿಲ್ಲ. ಫೋಟೋ ತೆಗೆದು, ಒಂದು ಸಲ ಆರಿಸಿ ಹಾಕಿ ನೋಡಿ.

ಬಣ್ಣ ಕೆಟ್ಟ ಪರದೆ: ಕೆಂಪು, ಹಸಿರು, ನೀಲಿ, ಈ ಮೂರು ಬಣ್ಣ ಸೇರಿ ಚಿತ್ರವಾಗುತ್ತದೆ. ವಿಜಿಎ ಕೇಬಲ್ಲಿನಲ್ಲಿ ಒಂದೊಂದಕ್ಕೂ ಬೇರೆ ಪಿನ್ನು. ನೀಲಿ ಬಾರದಿದ್ದರೆ ಬಿಳಿ ಜಾಗ ಹಳದಿಯಾಗಿ ಕಾಣುತ್ತದೆ. ಆಗ ಪಿನ್ನು ಬಾಗಿದೆಯೇ ನೋಡಿ. ಬೇರೆ ಕೇಬಲ್ ಹಾಕಿ ನೋಡಿ.

ನಮ್ಮ ಕೈಲಿ ಆಗದಿದ್ದರೆ?

ಎಲ್ಲವೂ ನಮ್ಮಿಂದಲೇ ಆಗಬೇಕೆಂದಿಲ್ಲ. ರಿಪೇರಿಯವರನ್ನು ಕರೆಯೋಣ. ಆದರೆ ಬರಿಗೈಯಲ್ಲಿ ಬೇಡ. ಒಂದು ಚೀಟಿ ಬರೆದುಕೊಂಡು ಹೋಗೋಣ.

ಕೊನೆಯ ಸಲ ಯಾವಾಗ ಚೆನ್ನಾಗಿತ್ತು? ಆಮೇಲೆ ಏನು ಬದಲಾಯಿತು? ಯಾವ ದೀಪ ಉರಿಯುತ್ತಿದೆ? ಪರದೆ ಏನು ಬರೆಯಿತು? ಎಷ್ಟು ಬೀಪ್ ಬಂತು? ನಾವು ಏನೇನು ಮಾಡಿ ನೋಡಿದೆವು?

ಅಂಗಡಿಯವರನ್ನೂ ಕೇಳೋಣ. ಎಷ್ಟಾಗುತ್ತದೆ? ಏನು ಕೆಟ್ಟಿತ್ತು? ಏನು ಬದಲಾಯಿಸಿದಿರಿ? ಹಳೆಯ ಸಾಮಾನು ಕೊಡಿ. ರಸೀದಿ ಕೊಡಿ. ಹೀಗೆ ಕೇಳುವುದು ಜಗಳವಲ್ಲ. ದುಡ್ಡು ಕೊಡುವವರ ಹಕ್ಕು.

ನೆನಪಿಡೋಣ

ಪರದೆ ಕಪ್ಪಾದರೆ ಉಳಿಸಿದ ಕಾಗದ ಅಳಿಸುವುದಿಲ್ಲ.

'ಯಾರು ಕೆಡಿಸಿದರು?' ಎಂದು ಕೇಳಿದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ. 'ಏನು ಬದಲಾಯಿತು?' ಎಂದು ಕೇಳಿದರೆ ದಾರಿ ಸಿಗುತ್ತದೆ.

ಮನೆ ಗುಡಿಸುವವರಿಗೆ ಯಾವ ಸಾಮಾನು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಗೊತ್ತಿರುತ್ತದೆ. ಅವರನ್ನು ಕೇಳಬೇಕು.

ಅಭ್ಯಾಸ

ಬಿಟ್ಟ ಜಾಗ ತುಂಬಿ ಬರೆಯಿರಿ.

1. ಚಿತ್ರ ತೋರಿಸುವ ಪೆಟ್ಟಿಗೆಯ ಹೆಸರು ............
2. ಉಳಿಸಿದ ಕಾಗದಗಳು ............ ಡಬ್ಬದ ಒಳಗೆ ಇರುತ್ತವೆ.
3. ಕೇಬಲ್ ಕೀಳುವ ಮೊದಲು ............ ಆರಿಸಬೇಕು.

ಉತ್ತರ ಹೇಳಿ.

1. 'ನೋ ಸಿಗ್ನಲ್' ಎಂದು ಬಂದರೆ ಮಾನಿಟರ್ ಕೆಟ್ಟಿದೆಯೇ? ಹೇಗೆ ಹೇಳುವಿರಿ?
2. ನೀಲಿ ಪರದೆಯಲ್ಲಿ ಅಕ್ಷರ ಬಂದರೆ ಕೇಬಲ್ ಯಾಕೆ ನೋಡಬೇಕಿಲ್ಲ?
3. ಮನೆಯವರು ಅಕ್ಕನನ್ನು ಬೈದರು. ಆದರೆ ಉತ್ತರ ಸಿಕ್ಕಿದ್ದು ಅಕ್ಕನಿಂದಲೇ. ಹೇಗೆ?

ಸಂಘದಲ್ಲಿ ಮಾತಾಡಿ.

ನಿಮ್ಮ ಮನೆಯಲ್ಲಿ ಮಿಕ್ಸಿ, ಟಿ.ವಿ., ಪಂಪ್‌ಸೆಟ್ ಯಾವುದಾದರೂ ಕೆಟ್ಟಾಗ ಮೊದಲು ಯಾರನ್ನು ಬೈಯುತ್ತಾರೆ? ಮುಂದಿನ ಸಲ ಯಾವ ಪ್ರಶ್ನೆ ಕೇಳುವಿರಿ? ಆ ಪ್ರಶ್ನೆಯನ್ನು ನಿಮ್ಮ ಕೈಯಾರೆ ಬರೆದು ಗೋಡೆಗೆ ಅಂಟಿಸಿ.